ದಬ್ಬಣದ ಕಣ್ಣು

ನಮ್ಮ ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಅದರ ತುಂಬ ನೀರು, ಒಂದು ಬದಿಗೆ ರೂಪಾಯಿ ಬಿಲ್ಲೆಯಷ್ಟು ಅಗಲದ ಸ್ಫಟಿಕದ ಹರಳು. ವಿದ್ಯುತ್ ಹಾಯಿಸಿದರೆ ಹರಳು ನಡುಗುತ್ತದೆ, ನೀರಿನೊಳಗೆ ಸದ್ದು ಹೊರಡುತ್ತದೆ. ಆದರೆ ಆ ಸದ್ದು ಮನುಷ್ಯರ ಕಿವಿಗೆ ಕೇಳಿಸುವುದಿಲ್ಲ. ನಾಯಿಗೂ ಇಲ್ಲ, ಬಾವಲಿಗೂ ಇಲ್ಲ. ಅಷ್ಟು ಎತ್ತರದ ಸ್ವರ ಅದು. ತೊಟ್ಟಿಯ ಅಡ್ಡಕ್ಕೆ ಲೇಸರಿನ ಕೆಂಪು ಬೆಳಕು ಬಿಟ್ಟರೆ ಎದುರಿನ ಗೋಡೆಯ ಮೇಲೆ ಒಂದೇ ಒಂದು ಚುಕ್ಕೆ ಬೀಳುತ್ತಿತ್ತು. ಹರಳಿನ ಗುಂಡಿ ತಿರುಗಿಸಿದ್ದೇ ತಡ, ಆ ಚುಕ್ಕೆಯ ಎರಡೂ ಬದಿಗೆ ಇನ್ನಷ್ಟು ಚುಕ್ಕೆಗಳು ಸಾಲಾಗಿ ಮೂಡುತ್ತಿದ್ದವು. ಸದ್ದು ನೀರನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಪದರು ಮಾಡುತ್ತದೆ, ಆ ಪದರಿನಲ್ಲಿ ಹಾದ ಬೆಳಕು ಒಡೆದು ಹಂಚಿಹೋಗುತ್ತದೆ. ಕೇಳಿಸದ ಸದ್ದು ಕಣ್ಣಿಗೆ ಕಾಣುತ್ತದೆ. ಮೊದಲ ಸಲ ನೋಡಿದ ದಿನ ನಾನು ಮಧ್ಯಾಹ್ನದ ಊಟ ಮರೆತು ಆ ಗುಂಡಿಯನ್ನೇ ತಿರುಗಿಸುತ್ತ ಕೂತಿದ್ದೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ನಮ್ಮ ಸರ್‌ಗೆ ಒಂದೇ ಹುಚ್ಚು: ನೀರಿನಲ್ಲಿ ಏನಾದರೂ ಇಟ್ಟು, ಅದರ ಮೇಲೆ ಸದ್ದು ಬಿಟ್ಟು, ಆ ಸದ್ದಿನ ನೆರಳನ್ನು ಬೆಳಕಿನಿಂದ ಗೋಡೆಯ ಮೇಲೆ ತರಬೇಕು. ನಡುವಿನ ಚುಕ್ಕೆಯನ್ನು ಮುಚ್ಚಿ ಉಳಿದವನ್ನು ಒಂದು ಮಸೂರದಲ್ಲಿ ಕೂಡಿಸಿದರೆ ಚಿತ್ರ ಬರುತ್ತದೆ. ಸದ್ದು ಎಷ್ಟು ಎತ್ತರದ್ದೋ ಚಿತ್ರ ಅಷ್ಟು ಸಣ್ಣದನ್ನು ಹಿಡಿಯುತ್ತದೆ. ದೊಡ್ಡ ಕಣ್ಣಿನ ಸಾಣಿಗೆಯಲ್ಲಿ ಕಲ್ಲು ಸಿಗುತ್ತದೆ, ಸಣ್ಣ ಕಣ್ಣಿನದರಲ್ಲಿ ತೌಡು ಸಿಗುತ್ತದೆ, ಹಾಗೆ. ಏನಿಟ್ಟು ನೋಡೋಣ ಎಂದು ಸರ್ ಕೇಳಿದಾಗ ನಾನು ಊರಿನಿಂದ ಅವ್ವನ ದಬ್ಬಣ ತಂದೆ. ಚೀಲ ಹೊಲಿಯುವ, ಕೌದಿಯ ಅಂಚಿಗೆ ಹಾಕುವ ದಪ್ಪ ಸೂಜಿ ಅದು. ನಮ್ಮ ಹಳೆಯ ಹರಳಿನ ಸದ್ದಿಗೆ ದಬ್ಬಣ ಬರೀ ಒಂದು ಮಸುಕು ಕಡ್ಡಿಯಾಗಿ ಕಂಡಿತು.

"ದಬ್ಬಣದ ಕಣ್ಣು ಕಂಡ ದಿನ ನಮ್ಮ ಕೆಲಸ ಅರ್ಧ ಮುಗೀತು ಅಂತ ತಿಳ್ಕೋರಿ" ಎಂದರು ಸರ್. ಹೊಸ ಹರಳಿಗೆ ಬರೆದು ಹಾಕಿ ಕಾಯುತ್ತ ಕೂತೆವು.

ಶನಿವಾರ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ನಮ್ಮೂರು ಶಲವಡಿ. ಮನೆಯಲ್ಲಿ ಇದ್ದವರು ಇಬ್ಬರೇ: ಅವ್ವ ಮತ್ತು ಅಪ್ಪನ ತಮ್ಮ, ನಮ್ಮ ಕಾಕಾ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು, ಕಾಕಾನ ಹೆಂಡತಿ ಕಾಕು ಅದಕ್ಕೂ ಮೊದಲೇ. ಕಾಕಾ ಹೊಲ ನೋಡಿಕೊಳ್ಳುತ್ತಿದ್ದರು, ಅವ್ವ ಮನೆ. ಅವ್ವ ರೊಟ್ಟಿ ಬಡಿಯುತ್ತಲೇ ನನ್ನ ಮಾತು ಕೇಳಿದಳು.

"ಕೇಳಸಂಗಿಲ್ಲ ಅಂದಮ್ಯಾಗ ಅದನ್ನ ಆವಾಜ ಅಂತ ಯಾಕ ಅಂತೀರಿ?"

"ಸಂತ್ಯಾಗ ನೀ ಗಡಿಗಿ ಬಾರಿಸಿ ನೋಡತೀಯಲ್ಲ ಅವ್ವಾ, ಸೀಳೈತೋ ಇಲ್ಲೋ ಅಂತ. ಅದೂ ಹಂಗ. ಒಳಗಿಂದು ಆವಾಜಿನಿಂದ ತಿಳ್ಕೊಳ್ಳೂದು."

"ಅಷ್ಟಕ್ಕ ಧಾರವಾಡಕ್ಕ ಹೋಗಬೇಕಿತ್ತೇನ? ಅಣ್ಣಿಗೇರಿ ಸಂತಿಗೆ ಬಂದಿದ್ರ ನಾನ ಕಲಸತಿದ್ದೆ" ಎಂದು ನಕ್ಕಳು. ಹಾಗೆ ಬಾರಿಸಿ ತಂದ ಗಡಿಗೆಗಳಲ್ಲಿ ಎರಡು ಆ ವರ್ಷವೇ ಸೋರಿದ್ದವು, ಅದನ್ನು ಕಾಕಾ ನೆನಪಿಸಿದರು. ಅವ್ವ ಅವರ ತಾಟಿಗೆ ಸುಟ್ಟ ರೊಟ್ಟಿ ಹಾಕಿದಳು.

ಅವ್ವನಿಗೆ ಒಂದೇ ಕಣ್ಣು. ಎಡಗಣ್ಣು ಸಣ್ಣವಳಿದ್ದಾಗ ಸಿಡುಬಿನಲ್ಲಿ ಹೋಗಿತ್ತು. ಉಳಿದ ಬಲಗಣ್ಣಿನಲ್ಲೇ ಆಕೆ ಊರ ಅರ್ಧ ಮನೆಗಳಿಗೆ ಕೌದಿ ಹೊಲಿದುಕೊಟ್ಟಿದ್ದಳು. ಆ ವರ್ಷ ಹತ್ತಿ ಬಿಡಿಸಿದ ಮೇಲೆ ಕಟಿಗೆ ಕಿತ್ತು ಉರುವಲಿಗೆ ಕಟ್ಟುವಾಗ ಒಂದು ಹತ್ತಿಕಟಿಗೆ ಕೈಯಿಂದ ಜಾರಿ ಸಟ್ಟನೆ ತಿರುಗಿ ಆ ಬಲಗಣ್ಣಿಗೇ ಬಡಿಯಿತು. ಕೆಂಪಾಯಿತು, ನೀರು ಸುರಿಯಿತು, ಕಡಿಮೆಯಾಯಿತು. ಆಕೆ ನನಗೆ ಹೇಳಲೂ ಇಲ್ಲ. ಬೇಸಿಗೆ ಮುಗಿಯುವುದರೊಳಗೆ ಕಣ್ಣಗೊಂಬೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಕೆಲಸದ ಗಡಿಬಿಡಿಯಲ್ಲಿ ಆ ಬೇಸಿಗೆಯೆಲ್ಲ ಊರ ಕಡೆ ಬಾರದ ನಾನು ರಜೆಯಲ್ಲಿ ಬಂದು ಹೊಸ್ತಿಲಲ್ಲಿ ನಿಂತಾಗ ಆಕೆ ನನ್ನ ಕಡೆ ಮುಖ ಮಾಡಿ, "ಯಾರು?" ಎಂದಳು.

ಕಾಕಾ ಮಾತು ಸುತ್ತಿ ಬಳಸಿ ಆಡುವವರಲ್ಲ. ಆ ದಿನ ಸಂಜೆಯೇ ಹೇಳಿದರು: "ನೋಡ ಮಗಳ, ನನಗ ಒಲಿ ಹಚ್ಚಾಕ ಬರತೈತಿ, ರೊಟ್ಟಿ ಬಡ್ಯಾಕ ಬರಂಗಿಲ್ಲ. ನಿಮ್ಮವ್ವನ ಬಾವಿಗೆ ಕರಕೊಂಡು ಹೋಗೂದು, ಸ್ನಾನಕ್ಕ ಹಾಕೂದು ನನ್ನ ಕೈಲಿ ಆಗೂ ಮಾತಲ್ಲ. ಕಣ್ಣು ಬಂದ್ರ ಚಲೋ ಆತು. ಬರಲಿಲ್ಲಂದ್ರ ನೀ ಧಾರವಾಡ ಬಿಟ್ಟು ಬರಬೇಕಾಗತೈತಿ." ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಕೊಡಪಾನವನ್ನು ಢಣ್ ಎಂದು ಇಟ್ಟೆ. ಒಳಗೆ ಕೂತ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅದೇ ತಿಂಗಳು ಅಣ್ಣಿಗೇರಿಯ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆಯಿತು. ಸರದಿ ಬಂದಾಗ ಡಾಕ್ಟರರು ಅವ್ವನನ್ನು ಸ್ಟೂಲಿನ ಮೇಲೆ ಕೂಡಿಸಿದರು. ಪೊರೆ ಗಟ್ಟಿಯಾಗಿದ್ದರಿಂದ ಅದರ ಹಿಂದೆ ಏನಿದೆ ಎಂದು ಅವರ ಬ್ಯಾಟರಿಯ ಬೆಳಕಿಗೆ ಕಾಣುವಂತಿರಲಿಲ್ಲ. ಬೆಳಕು ಹಿಡಿಯುವ ಹಿಂದಿನ ಪರದೆ ಸರಿಯಿದ್ದರೆ ಪೊರೆ ತೆಗೆದು ಉಪಯೋಗ, ಕೆಟ್ಟಿದ್ದರೆ ಇಲ್ಲ. ಅದನ್ನು ತಿಳಿಯಲು ಒಂದು ಸಾದಾ ಉಪಾಯವಿದೆ. ಬಲಗೈಯಿಂದ ರೆಪ್ಪೆ ಎತ್ತಿ ಹಿಡಿದು, ಎಡಗೈಯಲ್ಲಿ ಬ್ಯಾಟರಿ ಹಿಡಿದು ಅವರು ಕೇಳುತ್ತ ಹೋದರು.

"ಬೆಳಕು ಯಾವ ಕಡೆ ಐತ್ರಿ?"

"ಬಲಕ್ಕ ಐತ್ರಿ."

"ಈಗ?"

"ಎಡಕ್ಕ್ರಿ. ಈಗ ಕೆಳಗ ಬಂತ್ರಿ. ಈಗ ಮ್ಯಾಲ್ರಿ."

ಒಂದೂ ತಪ್ಪಲಿಲ್ಲ. ಡಾಕ್ಟರರು ಖುಷಿಯಾಗಿ, "ಪೊರಿ ಅಷ್ಟ ಐತಿ. ತಂಪು ದಿನದಾಗ ಹುಬ್ಬಳ್ಳಿಗೆ ಕರಕೊಂಡು ಬರ್ರಿ, ತಗದಬಿಡೂಣು" ಎಂದರು. ಬಸ್‌ಸ್ಟ್ಯಾಂಡಿಗೆ ಬರುವಾಗ ಅವ್ವ ನನ್ನ ತೋಳು ಹಿಡಿದುಕೊಂಡು, "ಇನ್ನ ನಿನ್ನ ಕೆಲಸಕ್ಕ ನೀ ಹೋಗು. ತಂಪು ದಿನದ ತನಕಾ ಹೆಂಗೋ ನಡೀತೈತಿ" ಎಂದಳು. ಅವ್ವನ ರೊಟ್ಟಿ, ಸ್ನಾನ ನೋಡಿಕೊಳ್ಳಲು ಪಕ್ಕದ ಮನೆಯ ಅಕ್ಕನಿಗೆ ಹೇಳಿ, ವಾರಕ್ಕೆ ಬೇಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು, ನಾನು ಧಾರವಾಡಕ್ಕೆ ಮರಳಿದೆ. ಕಣ್ಣಿಲ್ಲದಿದ್ದರೂ ಅವ್ವ ಬೆರಳಿನ ಅಂದಾಜಿನಲ್ಲೇ ಕೌದಿ ಹೊಲಿಯುತ್ತಿದ್ದಳು. ದಾರ ಪೋಣಿಸುವುದೊಂದೇ ಆಗುತ್ತಿರಲಿಲ್ಲ.

ಮುಂದಿನ ಸಲ ಊರಿಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತು ಕೌದಿಗೆ ಕೈ ಹಾಕಿದ್ದಳು. ಒಂದಿಷ್ಟು ಆಟವಾಡೋಣ ಎಂದು ನಾನು ಚಪ್ಪಲಿ ಬಿಚ್ಚಿ, ಉಸಿರು ಹಿಡಿದು, ಬೆಕ್ಕಿನಂತೆ ಬಂದು ಆಕೆಯ ಮುಖದ ಮುಂದೆ ಕೈ ಚಾಚಿದೆ.

"ಬಂದೇನ ಯವ್ವಾ?"

"ಹೆಂಗ ಗೊತ್ತಾತು? ಕಾಣಸತೇನು?"

"ಎಲ್ಲಿ ಕಾಣತೈತಿ. ನಿಮ್ಮಪ್ಪನ ಗಡಿಯಾರ ಕಟಗೊಂಡಿಯಲ್ಲ, ಟಿಕ್ ಟಿಕ್ ಅಂತೈತಿ. ಇತ್ತಿತ್ತಲಾಗ ಅದರ ಸಪ್ಪಳ ನನಗ ಒಳಗ ಕುಂತರೂ ಕೇಳಸತೈತಿ."

ನಾನು ನಗುತ್ತ ಒಳಗೆ ಹೋದೆ. ತಂಬಿಗೆ ಎತ್ತಿ ನೀರು ಕುಡಿಯುವಾಗ ಕೈ ಅಲ್ಲೇ ನಿಂತಿತು. ಶಿಬಿರದ ಡಾಕ್ಟರರು ಬ್ಯಾಟರಿ ಹಿಡಿದಿದ್ದು ಎಡಗೈಯಲ್ಲಿ. ಆ ಕೈಯಲ್ಲಿ ಸ್ಟೀಲ್ ಪಟ್ಟಿಯ ದೊಡ್ಡ ಗಡಿಯಾರ ಇತ್ತು, ಅದು ನನಗೆ ಚೆನ್ನಾಗಿ ನೆನಪಿತ್ತು. ಬೆಳಕು ಹೋದಲ್ಲೆಲ್ಲ ಗಡಿಯಾರವೂ ಹೋಗಿತ್ತು.

ಅವ್ವನನ್ನು ನೇರವಾಗಿ ಕೇಳಿದ್ದರೆ ಆಕೆ ಅಲ್ಲಗಳೆಯುತ್ತಿದ್ದಳು. ಮೇಲಾಗಿ ನನಗೆ ಪರೀಕ್ಷೆ ಮಾಡಿಯೇ ನೋಡುವ ಚಟ. ಮರುದಿನ ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಅವ್ವನನ್ನು ಕಟ್ಟೆಯ ನೆರಳಿನಲ್ಲಿ ಅಂಗಳಕ್ಕೆ ಮುಖ ಮಾಡಿ ಕೂಡಿಸಿ, ಬೆಳಕು ಬಂದ ಕಡೆ ಹೇಳುತ್ತ ಹೋಗು ಎಂದೆ. ಗಡಿಯಾರವನ್ನು ಬಿಚ್ಚಿ ಅಡಿಗೆ ಮನೆಯಲ್ಲಿ ಹಿಟ್ಟಿನ ಡಬ್ಬಿಯೊಳಗಿಟ್ಟೆ. ಬಳೆ ತೆಗೆದೆ, ಸೆರಗು ಬಿಗಿದೆ. ಅಪ್ಪನ ದಾಡಿಯ ಕನ್ನಡಿ ಹಿಡಿದು ಬರಿಗಾಲಲ್ಲಿ ಅಂಗಳಕ್ಕಿಳಿದೆ. ಕಾಕಾ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಇದೇನು ಹೊಸ ನಾಟಕ ಎಂದು ನೋಡುತ್ತ ಕೂತರು. ಮಾತಾಡಬೇಡಿ ಎಂದು ಕೈಸನ್ನೆ ಮಾಡಿದೆ.

ಬಲಗಡೆಯಿಂದ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಅವ್ವನ ಕಣ್ಣಿಗೆ ಬಿಟ್ಟೆ.

"ಬಲಕ್ಕ" ಎಂದಳು, ಸ್ವಲ್ಪ ತಡೆದು.

ನನಗೆ ಜೀವ ಬಂದಂತಾಯಿತು. ಎಡಗಡೆ ಹೋದೆ, "ಎಡಕ್ಕ" ಎಂದಳು. ನೆಲಕ್ಕೆ ಕೂತು ಕೆಳಗಿನಿಂದ ಬಿಟ್ಟೆ, ಅದನ್ನೂ ಹೇಳಿದಳು. ಉಳಿದದ್ದು ಮೇಲಿನದು. ಮೇಲಿನಿಂದ ಬಿಡಲು ಎತ್ತರ ಬೇಕಿತ್ತು, ಅಂಗಳದಲ್ಲಿ ನಿಂತಿದ್ದ ಚಕ್ಕಡಿಯನ್ನು ಹತ್ತಿದೆ. ಚಕ್ಕಡಿ ಕಿರ್ ಎಂದಿತು. ಕನ್ನಡಿ ಎತ್ತುವ ಮೊದಲೇ ಅವ್ವ, "ಈಗ ಮ್ಯಾಲ ಐತಿ" ಎಂದಳು.

ಕನ್ನಡಿ ನನ್ನ ಸೆರಗಿನೊಳಗಿತ್ತು. ಬಿಸಿಲಿನ ಒಂದು ತುಣುಕೂ ಆಕೆಯ ಮುಖದ ಮೇಲೆ ಬಿದ್ದಿರಲಿಲ್ಲ.

ನಾನು ಅಲ್ಲಾಡದೆ ನಿಂತೆ. ಚಕ್ಕಡಿಯೂ ಸುಮ್ಮನಾಯಿತು. ಮೆಲ್ಲಗೆ ಕನ್ನಡಿ ಹೊರತೆಗೆದು ನಿಜವಾಗಿಯೂ ಮೇಲಿನಿಂದ ಬೆಳಕು ಬಿಟ್ಟೆ. ಬಿಸಿಲಿನ ಬಿಲ್ಲೆ ಆಕೆಯ ಕಣ್ಣಿನ ಮೇಲೆಯೇ ಕೂತಿತ್ತು, ರೆಪ್ಪೆಯ ಕೂದಲು ಕೂಡ ಹೊಳೆಯುತ್ತಿದ್ದವು. ಅವ್ವ ಏನೂ ಹೇಳಲಿಲ್ಲ. ಮುಂದಿನ ಪ್ರಶ್ನೆಗೆ ಕಾಯುವ ಹುಡುಗಿಯ ಹಾಗೆ ಕೈ ಕಟ್ಟಿ ಕೂತಿದ್ದಳು. ಕಾಕಾ ಬಾಯಿಯೊಳಗಿನ ಎಲೆ ಅಗಿಯುವುದನ್ನು ನಿಲ್ಲಿಸಿದ್ದರು. ನನಗೆ ಅಳು ಬಂತು, ಅದನ್ನೂ ಸದ್ದಿಲ್ಲದೆ ಅತ್ತೆ.

ಆಮೇಲೆ ಹತ್ತಿರ ಕೂತು ಕೇಳಿದೆ. "ಡಾಕ್ಟರರ ಮುಂದ ಯಾಕ ಸುಳ್ಳ ಹೇಳಿದಿ ಅವ್ವಾ?"

ಆಕೆ ಕೌದಿಯ ಅಂಚು ಸವರಿದಳು. "ಎಲ್ಲಾ ಸುಳ್ಳಲ್ಲ. ಬಾಜೂಕಿನ ಬೆಳಕು ಮಸಕ ಮಸಕ ತಿಳೀತಿತ್ತು. ಮ್ಯಾಲಿಂದು ತಿಳೀಲಿಲ್ಲ, ಅಂಗಿ ತೋಳಿನ ಸಪ್ಪಳಾತು, ಗಡಿಯಾರ ಮ್ಯಾಲ ಹೋತು, ಹೇಳಿಬಿಟ್ಟೆ. ನಾ ನಪಾಸಾದ್ರ ನೀ ಮನ್ಯಾಗ ಕುಂಡರತಿದ್ದಿ. ನಿಮ್ಮ ಕಾಕಾ ಅಂದದ್ದು ನಾ ಕೇಳಿಲ್ಲೇನು? ಕಣ್ಣಂತೂ ಹೋಗೇತಿ, ನಿನ್ನ ಕೆಲಸಾನೂ ಹೋಗೂದು ಬ್ಯಾಡ ಅನಿಸ್ತು."

ನನಗೆ ಸಿಟ್ಟೂ ಬಂತು, ಆಕೆಯನ್ನು ತಬ್ಬಿಕೊಳ್ಳಬೇಕು ಎಂದೂ ಅನಿಸಿತು. ಎರಡನ್ನೂ ಮಾಡಿದೆ. ಮೊದಲು ಬೈದೆ.

ಸೋಮವಾರ ಧಾರವಾಡಕ್ಕೆ ಹೋಗಿ ಸರ್‌ಗೆ ಎಲ್ಲವನ್ನೂ ಹೇಳಿದೆ. ಕೆಲಸ ಬಿಡಬೇಕಾಗಬಹುದು ಎಂದೂ ಹೇಳಿದೆ. ಅವರು ಚಕ್ಕಡಿಯ ಕಥೆಯನ್ನು ಎರಡು ಸಲ ಕೇಳಿದರು. ಬೆಳಕು ಹೋಗಲಾರದ ಕಣ್ಣಿನೊಳಗೆ ಸದ್ದು ಹೋಗುತ್ತದೆ ಎಂದರು. ನಮ್ಮ ತೊಟ್ಟಿಯಲ್ಲಿ ಹಾಡುವಂಥದೇ ಎತ್ತರದ ಸದ್ದನ್ನು ಕಣ್ಣಿಗೆ ಬಿಟ್ಟು ಮರುದನಿಯಿಂದ ಚಿತ್ರ ತೆಗೆಯುವ ಯಂತ್ರ ಮಿರಜಿನ ದವಾಖಾನೆಯಲ್ಲಿದೆ ಎಂದು ವಿಚಾರಿಸಿ ಹೇಳಿದವರೂ ಅವರೇ. ಕಣ್ಣು ಸಣ್ಣ ವಸ್ತು, ಅದರೊಳಗಿನ ಪರದೆ ಇನ್ನೂ ತೆಳು, ಆದ್ದರಿಂದ ಅಷ್ಟು ಸಣ್ಣ ಸಾಣಿಗೆಯೇ ಬೇಕು. ಸದ್ದಿನ ಎತ್ತರ ಹೆಚ್ಚಿದಷ್ಟೂ ಅದು ಬೇಗ ಬತ್ತಿಹೋಗುತ್ತದೆ, ಹೊಟ್ಟೆಯ ಆಳಕ್ಕೆ ಮುಟ್ಟಲಾರದು, ಆದರೆ ಕಣ್ಣಿಗೆ ಸಾಕು.

ಅಣ್ಣಿಗೇರಿಯಿಂದ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಇಳಿದು, ಇನ್ನೊಂದು ರೈಲಿನಲ್ಲಿ ಮಿರಜು ಮುಟ್ಟಿದೆವು. ಅವ್ವ, ನಾನು, ಕಾಕಾ, ಒಂದು ಗಂಟು ರೊಟ್ಟಿ. ಅಲ್ಲಿನ ಡಾಕ್ಟರಬಾಯಿ ಅವ್ವನನ್ನು ಮಲಗಿಸಿ, ಮುಚ್ಚಿದ ರೆಪ್ಪೆಗೆ ಅಂಟಿನಂಥದ್ದೇನೋ ಹಚ್ಚಿ, ದಪ್ಪ ಪೆನ್ನಿನಂಥ ಒಂದು ಕೊಳವೆಯನ್ನು ಅದರ ಮೇಲಿಟ್ಟರು. ಸಣ್ಣ ತೆರೆಯ ಮೇಲೆ ಹಸಿರು ಗೆರೆಗಳು ಎದ್ದವು. ನನ್ನ ಜೀವನದಲ್ಲಿ ನೋಡಿದ ಎಲ್ಲ ಚಿತ್ರಗಳಿಗಿಂತ ಅದು ಬೇರೆಯೇ. ಬೆಳಕು ಬೇಕಾದ ಅಂಗವನ್ನು ಬೆಳಕಿಲ್ಲದೆ ನೋಡುತ್ತಿದ್ದೆವು. ನಾವು ತೊಟ್ಟಿಯಲ್ಲಿ ಸದ್ದನ್ನು ಬೆಳಕಿನಿಂದ ನೋಡಿದರೆ, ಇಲ್ಲಿ ಕಣ್ಣನ್ನು ಸದ್ದಿನಿಂದ. ನಾನು ತೆರೆಗೆ ಮೂಗು ತಾಗಿಸುವಷ್ಟು ಬಗ್ಗಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದೆ. ಆ ಪೆನ್ನಿನೊಳಗೆ ಯಾವ ಹರಳು, ಸದ್ದಿನ ಎತ್ತರ ಎಷ್ಟು, ಇನ್ನೂ ಎತ್ತರಿಸಿದರೆ ಏನಾಗುತ್ತದೆ. ಅವ್ವ ನನ್ನ ತೊಡೆ ಚಿವುಟಿದಳು.

"ಮೊದಲ ನನ್ನ ಕಣ್ಣು ಹೆಂಗೈತಿ ಅದನ್ನ ಕೇಳ. ನಿನ್ನ ಹರಳು ಆಮ್ಯಾಲ."

ಡಾಕ್ಟರಬಾಯಿ ನಕ್ಕು, ತೆರೆಯ ಮೇಲಿನ ಬಾಗಿದ ಗೆರೆಯೊಂದನ್ನು ತೋರಿಸಿದರು. "ಇದು ಹಿಂದಿನ ಪರದೆ. ಮ್ಯಾಲಿಂದ ಇಲ್ಲಿ ತನಕಾ ಗೋಡಿಗೆ ಅಂಟಿಕೊಂಡೈತಿ. ಕೆಳಗ ನೋಡ್ರಿ, ಬಿಟ್ಟು ನಿಂತೈತಿ." ಮಳೆ ಕುಡಿದ ಗೋಡೆಯಿಂದ ಸುಣ್ಣದ ಹೆಕ್ಕಳಿಕೆ ಎದ್ದಂತೆ ಗೆರೆ ಅಲ್ಲಿ ಎದ್ದು ನಿಂತಿತ್ತು.

"ಕಣ್ಣಾಗ ಚಿತ್ರ ತಲಿಕೆಳಗಾಗಿ ಬೀಳತೈತಲ್ರಿ. ಕೆಳಗಿಂದು ಬಿಟ್ರ ಮ್ಯಾಲಿನ ಬೆಳಕು ಕಾಣಸಂಗಿಲ್ಲ, ಹೌದಲ್ರಿ?" ಎಂದೆ.

ಅವರು ನನ್ನ ಕಡೆ ತಿರುಗಿದರು. "ನಿಮಗ ಹೆಂಗ ಗೊತ್ತು?"

ಗಡಿಯಾರ, ಕನ್ನಡಿ, ಚಕ್ಕಡಿ ಎಲ್ಲವನ್ನೂ ಹೇಳಿದೆ. ಅವರು ಅವ್ವನ ಗಲ್ಲ ಮುಟ್ಟಿ, "ಆಜಿ, ನೀವು ಮೋಸಾ ಮಾಡಿದ್ದು ಮಗಳು ಹಿಡದಳು, ಚಲೋ ಆತು" ಎಂದರು. ಪೊರೆಯನ್ನಷ್ಟೇ ತೆಗೆದು ಕಳಿಸಿದ್ದರೆ ಉಳಿದ ಪರದೆಯೂ ಕಿತ್ತುಕೊಂಡು ಬರುವ ಸಂಭವ ಇತ್ತಂತೆ. ಈಗ ಹೊರಗಿನಿಂದ ಹೊಲಿಗೆ ಹಾಕಿ ಪರದೆಯನ್ನು ಕೂಡಿಸಬೇಕು, ಜೊತೆಗೆ ಪೊರೆ ತೆಗೆಯಬೇಕು. ಎಷ್ಟು ಕಣ್ಣು ಬರುತ್ತದೆ ಎಂದು ಮೊದಲೇ ಹೇಳಲಾಗದು.

"ಹೊಲಿಗಿ ಹಾಕ್ತಾರಂತ" ಎಂದು ಅವ್ವ ಕಾಕಾನಿಗೆ ಹೇಳಿದಳು. "ಸಣ್ಣ ಟಾಕಿ ಹಾಕ್ರಿ ಅಂತ ಹೇಳ. ದೊಡ್ಡ ಟಾಕಿ ಲಗೂನ ಬಿಡತಾವು." ಆ ಪೆನ್ನು ಹಾಡಿದ್ದು ನಿನಗೆ ಕೇಳಿಸಿತೇ ಎಂದು ನಾನು ಕೇಳಿದ್ದಕ್ಕೆ, "ಏನೂ ಕೇಳಸಲಿಲ್ಲ, ತಂಪ ಆತು ಅಷ್ಟ" ಎಂದಳು. ಅಷ್ಟು ಚುರುಕಿನ ಕಿವಿಗೂ ಅದು ಸಿಕ್ಕಿರಲಿಲ್ಲ.

ಆಪರೇಶನ್ ಆಗಿ, ಪಟ್ಟಿ ಬಿಚ್ಚಿ, ಕೆಲವು ವಾರಗಳ ಮೇಲೆ ಸೋಡಾಬಾಟ್ಲಿಯ ತಳದಂಥ ದಪ್ಪ ಚಸ್ಮಾ ಕೊಟ್ಟರು. ಚಸ್ಮಾ ಏರಿಸಿದ ಅವ್ವ ಮೊದಲು ಹೇಳಿದ ಮಾತು: "ನಿನ್ನ ಚಪ್ಪಲಿ ಹರದಾವಲ್ಲ ಬೇ." ಆಮೇಲೆ ಗದ್ದ ಎತ್ತಿದಳು, ಇನ್ನೂ ಎತ್ತಿದಳು, ನನ್ನ ಮುಖ ಸಿಕ್ಕಿತು.

ನೋಟದ ಮೇಲಿನ ಭಾಗ ಬಂದಿರಲಿಲ್ಲ. ಆದ್ದರಿಂದ ಯಾರ ಮುಖ ನೋಡಬೇಕಾದರೂ ಆಕೆ ಗದ್ದವನ್ನು ಮೇಲಕ್ಕೆತ್ತಬೇಕಾಗುತ್ತಿತ್ತು. ಶಲವಡಿಯಲ್ಲಿ ಇದು ಒಳ್ಳೆಯ ಸುದ್ದಿಯಾಯಿತು. ಮಿರಜಿಗೆ ಹೋಗಿ ಬಂದ ಮೇಲೆ ಆಕೆಗೆ ಸೊಕ್ಕು ಬಂದಿದೆ, ಮುಖ ಮೇಲೆ ಮಾಡಿಕೊಂಡೇ ಮಾತಾಡುತ್ತಾಳೆ ಎಂದು ಬಾವಿಕಟ್ಟೆಯ ಮೇಲೆ ಆಡಿಕೊಂಡರು. ಅವ್ವ ಅದನ್ನು ಕೇಳಿ ಗದ್ದ ಇನ್ನಷ್ಟು ಎತ್ತಿದಳು.

ತೊಡಕು ಇದ್ದದ್ದು ನನ್ನಲ್ಲಿ. ಅವ್ವ ದಿನಾ ಮುಂಜಾನೆ, "ಎಲ್ಲಾ ಕಾಣಸತೈತಿ, ನೀ ಧಾರವಾಡಕ್ಕ ಹೋಗು" ಎನ್ನುತ್ತಿದ್ದಳು. ನಾನು ನಂಬುತ್ತಿರಲಿಲ್ಲ. ಆಕೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಪಾತ್ರೆ ಇಳಿಸಿದರೆ, ಕಂಡಿತೋ ಕೇಳಿಸಿತೋ ಎಂದು ಯೋಚಿಸುತ್ತಿದ್ದೆ. ಬಾಗಿಲಿಗೆ ಬಂದವರ ಹೆಸರು ಹಿಡಿದು ಕರೆದರೆ ಅವರ ಕಾಲಿನ ಸಪ್ಪಳವನ್ನು ಲೆಕ್ಕ ಹಾಕುತ್ತಿದ್ದೆ. ಒಮ್ಮೆ ಸುಳ್ಳು ಹೇಳಿ ಪಾಸಾದವಳು ಇನ್ನೊಮ್ಮೆ ಹೇಳಲಾರಳೇ? ಕಾಕಾನಿಗೂ ಅದೇ ಅನುಮಾನ. ಸರ್‌ರಿಂದ ಒಂದು ಕಾರ್ಡು ಬಂತು, ಹೊಸ ಹರಳು ಬಂದಿದೆ ಎಂದು. ನಾನು ಉತ್ತರ ಬರೆಯಲಿಲ್ಲ.

ಅವ್ವ ಒಂದು ದಿನ ತಾನಾಗಿಯೇ ಅಂದಳು. "ಕೇಳಸಂಗಿಲ್ಲ, ಕಾಣಸತೈತಿ ಅಂದಿದ್ದಿಯಲ್ಲ ಒಂದು ಆವಾಜ? ಅದನ್ನ ನೋಡಬೇಕು. ಕರಕೊಂಡು ಹೋಗು."

ಅಷ್ಟರಲ್ಲಿ ಹೊಸ ಹರಳನ್ನು ಸರ್ ತೊಟ್ಟಿಗೆ ಕೂಡಿಸಿದ್ದರು. ಅವ್ವ ಕತ್ತಲೆ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ಗದ್ದ ಎತ್ತಿ ಗೋಡೆಯ ಕಡೆ ನೋಡಿದಳು. ದಬ್ಬಣ ನೀರಿನಲ್ಲಿತ್ತು. ನಾನು ಗುಂಡಿ ತಿರುಗಿಸಿದೆ. ಕಪ್ಪು ಗೋಡೆಯ ಮೇಲೆ ಕೆಂಪು ಹರಡಿತು, ಅದರ ನಡುವೆ ದಬ್ಬಣದ ಕರಿಯ ನೆರಳು. ನೆರಳಿನ ತುದಿಯಲ್ಲಿ, ಉದ್ದಕ್ಕೆ, ಒಂದು ಸಣ್ಣ ಕೆಂಪು ಕಿಂಡಿ. ನಾನೂ ಅದನ್ನು ನೋಡಿದ್ದು ಅದೇ ಮೊದಲು.

"ಕಣ್ಣು ಬಂತ್ರಿ!" ಎಂದು ಕೂಗಿಬಿಟ್ಟೆ.

"ಯಾರಿಗೆ?" ಎಂದರು ಬಾಗಿಲಲ್ಲಿ ನಿಂತ ಕಾಕಾ ಗಾಬರಿಯಾಗಿ.

ಅವ್ವ ಅವರ ಕಡೆ ತಿರುಗಲಿಲ್ಲ. "ಇದು ನನ್ನ ದಬ್ಬಣ. ತುದಿ ಒಂದೀಟ ಡೊಂಕೈತಲ್ಲ" ಎಂದಳು. ಬಳಿಕ ಕೈ ಚಾಚಿ ನನ್ನ ಮುಂಗೈ ಹುಡುಕಿ ಹಿಡಿದುಕೊಂಡಳು. "ಗಡಿಯಾರ ಬಿಚ್ಚಿ ನಿಮ್ಮ ಕಾಕಾನ ಕೈಯಾಗ ಕೊಡು. ಅಂವಾ ಹೊರಗ ನಿಂದರಲಿ. ಬಳಿನೂ ತೆಗಿ. ಈಗ ಆ ಗುಂಡಿ ನಿನ್ನ ಮನಸ್ಸಿಗೆ ಬಂದಂಗ ತಿರುಗಸು, ಹೇಳದ ಕೇಳದ. ನಾ ಹೇಳತೀನಿ."

ನಾನು ಗಡಿಯಾರ ಬಿಚ್ಚಿ ಕೊಟ್ಟೆ. ಬಾಗಿಲು ಮುಚ್ಚಿದೆವು. ಸರ್ ಗೋಡೆಗೆ ಒರಗಿ ಉಸಿರು ಬಿಗಿಹಿಡಿದು ನಿಂತರು. ಆ ಗುಂಡಿ ತಿರುಗಿದರೆ ಸದ್ದಿಲ್ಲ, ಹರಳು ಹಾಡಿದರೂ ಸದ್ದಿಲ್ಲ. ಇಡೀ ಜಿಲ್ಲೆಯಲ್ಲಿ ನಮ್ಮವ್ವನ ಕಿವಿಗೆ ಸುಳಿವು ಕೊಡದ ಜಾಗ ಎಂದರೆ ಅದೊಂದೇ ಇತ್ತೋ ಏನೋ.

"ಐತಿ" ಎಂದಳು ಅವ್ವ. "ಈಗ ಹೋತು. ಈಗ ಬಂತು. ಅರ್ಧಕ್ಕ ನಿಲ್ಲಿಸಿದಿ, ಮಸಕ ಐತಿ. ಹೋತು."

ನಾನು ಗುಂಡಿಯನ್ನು ಮುಟ್ಟದೆ, ಬೇಕೆಂದೇ ಸ್ಟೂಲನ್ನು ಕಿರ್ ಎಂದು ಸರಿಸಿದೆ. ಗೋಡೆ ಕಪ್ಪಾಗಿಯೇ ಇತ್ತು.

"ಚಕ್ಕಡಿ ಹತ್ತಿದೇನು?" ಎಂದಳು ಅವ್ವ. "ಎಷ್ಟಾರ ಸಪ್ಪಳ ಮಾಡು. ಇಲ್ಲಂದ್ರ ಇಲ್ಲ."

ಕತ್ತಲೆಯಲ್ಲಿ ಆಕೆಯ ತೊಡೆಯ ಮೇಲೆ ತಲೆ ಇಟ್ಟು ಅತ್ತೆ, ಈ ಸಲ ಸದ್ದು ಮಾಡಿಯೇ. ಆಕೆ ನನ್ನ ತಲೆ ಸವರಿದಳು. ಆಮೇಲೆ ಚಸ್ಮಾ ಸರಿಮಾಡಿಕೊಂಡು ಎದ್ದಳು.

"ಪಾಸಾದ್ನಿಲ್ಲ?"

"ಪಾಸಾದಿ ಅವ್ವಾ."

"ಹಂಗಾರ ನೀ ಇಲ್ಲೇ ಇರು. ನಾವು ಹೊಂಡತೇವಿ, ಹೊತ್ತಿರತ ಮನಿ ಮುಟ್ಟಬೇಕು."

ಕಾಕಾ ಗಡಿಯಾರವನ್ನು ನನ್ನ ಕೈಗೆ ಕೊಟ್ಟು ಅವ್ವನಿಗೆ ತೋಳು ಚಾಚಿದರು. ಅವ್ವ ಅದನ್ನು ಹಿಡಿಯಲಿಲ್ಲ. ಗದ್ದ ಎತ್ತಿಕೊಂಡು ಮೆಟ್ಟಿಲಿಳಿದು, ಬಿಸಿಲಿಗೆ ನಡೆದಳು.